ಕೊಬ್ಬಲ್ಲ, ಜಿಡ್ಡು

ಇಂದ್ರೇಶ್ ಯಾವ ಕಾರನ್ನೂ ಮೇಲಿನಿಂದ ನೋಡುವುದಿಲ್ಲ. ಸಿಡ್ನಿಯ ಮಾರ್ಸ್ಡನ್ ಪಾರ್ಕಿನ ಅಂಚಿನಲ್ಲಿ ಅವರು ಬಾಡಿಗೆಗೆ ಹಿಡಿದಿರುವ ಅರ್ಧ ಶೆಡ್ಡಿಗೆ ಕಾರು ತಂದವರು ಬಣ್ಣದ ಹೊಳಪನ್ನೋ ಚಕ್ರದ ಅಂದವನ್ನೋ ಹೊಗಳಿಕೊಳ್ಳುತ್ತಿರುವಾಗ, ಅವರು ಆಗಲೇ ನೆಲಕ್ಕೆ ಮಂಡಿಯೂರಿ, ಬಾಗಿಲ ಕೆಳಗಿನ ಉಕ್ಕಿನ ಪಟ್ಟಿಯ ಅಡಿಗೆ ಬೆರಳು ತೂರಿಸಿ, ಅಲ್ಲಿರುವ ಸಣ್ಣ ತೂತುಗಳನ್ನು ಒಂದೊಂದಾಗಿ ತಡವುತ್ತಿರುತ್ತಾರೆ. ಒಳಗೆ ಸೇರಿದ ನೀರು ಹರಿದುಹೋಗಲೆಂದು ಕಾರು ಮಾಡಿದವರೇ ಬಿಟ್ಟ ತೂತುಗಳವು. ಎಲೆಯೋ ಕೆಸರೋ ಸೇರಿ ಅವು ಮುಚ್ಚಿಹೋಗಿದ್ದರೆ ಇಂದ್ರೇಶ್ ಬೆರಳನ್ನು ಹೊರಗೆಳೆದು ತೋರಿಸುತ್ತಾರೆ: "ಇದು ಕಾರಲ್ಲ ಸಾರ್, ನೀರಿನ ತೊಟ್ಟಿ."

ಈ ಮನುಷ್ಯನನ್ನು ಕಳೆದ ಸೆಪ್ಟೆಂಬರಿನಲ್ಲಿ ನಾನೂರು ಜನ ಕನ್ನಡಿಗರ ಎದುರಿನಲ್ಲಿ ಮೋಸಗಾರ ಎಂದು ಸಾರಲಾಯಿತು. ಹಾಗೆ ಸಾರಿದವರಿಗೆ ನಿಜ ಏನೆಂದು ಗೊತ್ತಿತ್ತು. ಗೊತ್ತಿಲ್ಲದೆ ಆಡಿದ ಮಾತಾಗಿದ್ದರೆ ನಾನಿದನ್ನು ಬರೆಯುತ್ತಿರಲಿಲ್ಲ.

ಇಂದ್ರೇಶರ ಊರು ಚಳ್ಳಕೆರೆಯ ಹತ್ತಿರದ ಒಂದು ಹಳ್ಳಿ. ಕುರಿ ಸಾಕಿದ ಮನೆತನ. ಅಜ್ಜಿ ಚಿನ್ನಮ್ಮ ಉಣ್ಣೆ ನೂಲುತ್ತಿದ್ದರು. ಬಯಲುಸೀಮೆಯ ಬೇಸಿಗೆಯಲ್ಲಿ ಊರಿನವರ ಅಂಗೈಗಳೆಲ್ಲ ಬಿರಿದು ಸೀಳುಬಿಟ್ಟಿದ್ದರೂ ಅವರ ಅಂಗೈ ಮಾತ್ರ ಮಗುವಿನದರಂತೆ ನುಣುಪಾಗಿರುತ್ತಿತ್ತಂತೆ. ಮೊಮ್ಮಗ ೨೦೦೯ರಲ್ಲಿ ವಾಹನ ದುರಸ್ತಿಯ ಕೋರ್ಸಿಗೆಂದು ಮೆಲ್ಬರ್ನಿಗೆ ಬಂದರು. ಡಾಂಡೆನಾಂಗಿನಲ್ಲಿ ಜಜ್ಜಿದ ಕಾರುಗಳನ್ನು ನೇರ ಮಾಡುವ ಒಂದು ವರ್ಕ್‌ಶಾಪಿನಲ್ಲಿ ಒಂಬತ್ತು ವರ್ಷ ದುಡಿದರು. ಅಲ್ಲಿ ಒಂದು ದಿನ, ತುಕ್ಕು ತಡೆಯಲು ಕಾರಿನ ಅಡಿಗೆ ಬಳಿಯುವ ಹಳದಿ ಮುಲಾಮಿನ ಡಬ್ಬಿಯ ಮುಚ್ಚಳ ತೆಗೆದಾಗ, ಅವರಿಗೆ ಅಜ್ಜಿಯ ಸೆರಗಿನ ವಾಸನೆ ಬಂತಂತೆ. ಕುರಿಯ ಉಣ್ಣೆಗೆ ಹುಟ್ಟಿನಿಂದಲೇ ಅಂಟಿಕೊಂಡಿರುವ ಜಿಡ್ಡು ಅದು. ಮಳೆಯ ನೀರು ಕುರಿಯ ಚರ್ಮಕ್ಕೆ ಇಳಿಯದಂತೆ ತಡೆಯುವುದು ಅದರ ಕೆಲಸ. ಉಕ್ಕಿನ ಮೇಲೆಯೂ ಅದೇ ಕೆಲಸವನ್ನು ಅದು ಮಾಡುತ್ತದೆ.

ಪಿಆರ್, ಎಂದರೆ ಇಲ್ಲಿ ಕಾಯಂ ಆಗಿ ನೆಲೆಸುವ ಅನುಮತಿ, ಸಿಕ್ಕ ಮೇಲೆ, ಹೆಂಡತಿ ಪ್ರಾರ್ಥನಾಗೆ ಸಿಡ್ನಿಯಲ್ಲಿ ಕೆಲಸ ಸಿಕ್ಕಿದ್ದರಿಂದ ಇಬ್ಬರೂ ಇಲ್ಲಿಗೆ ಬಂದರು. ಇಂದ್ರೇಶ್ ತುಕ್ಕಿನ ಕೆಲಸವನ್ನೇ ಆರಿಸಿಕೊಂಡರು. ಗಿರಾಕಿಗಳಲ್ಲಿ ಮುಕ್ಕಾಲು ಪಾಲು ನಮ್ಮವರೇ: ಹೊಸ ಬಡಾವಣೆಗಳ ಐಟಿಯವರು, ವೆಸ್ಟ್‌ಮೀಡಿನ ಡಾಕ್ಟರರು, ಮ್ಯಾಕ್ವೆರಿ ಪಾರ್ಕಿನ ಔಷಧ ಕಂಪನಿಗಳ ನಮ್ಮಂಥವರು. ಬಾಯಿಂದ ಬಾಯಿಗೆ ಹರಡಿದ ಹೆಸರೊಂದನ್ನು ಬಿಟ್ಟರೆ ಅವರಿಗೆ ಬೇರೆ ಜಾಹೀರಾತಿರಲಿಲ್ಲ. ಆ ಹೆಸರು ಹೋದರೆ ಶೆಡ್ಡೂ ಹೋದಂತೆಯೇ.

ಮೇ ತಿಂಗಳಲ್ಲಿ ಡಾಕ್ಟರ್ ವೆಂಕಟರಾಮ್ ತಮ್ಮ ಕೆಂಪು ಕಾರನ್ನು ತಂದರು. ಅವರು ಹೆರಿಗೆ ತಜ್ಞರು, ಮೈಸೂರಿನವರು, ಇಪ್ಪತ್ತೈದು ವರ್ಷಗಳಿಂದ ಸಿಡ್ನಿಯಲ್ಲಿರುವವರು. ಐವತ್ತಾರನೆಯ ವಯಸ್ಸಿನಲ್ಲಿ ಆಸೆಪಟ್ಟು ಕೊಂಡ ಎರಡು ಸೀಟಿನ ಸ್ಪೋರ್ಟ್ಸ್ ಕಾರು. ಮೇಲ್ಛಾವಣಿ ಬಟ್ಟೆಯದು, ಮಡಚಬಹುದು. ಆದರೆ ಇಪ್ಪತ್ತು ವರ್ಷ ಹಳೆಯದು. ಮಗಳು ಹಂಸಾ ಮೆಲ್ಬರ್ನಿನಲ್ಲಿ ಓದುತ್ತಿದ್ದಳು. ಚಳಿಗಾಲದಲ್ಲಿ ಎರಡು ಸಲ, ನೇರ ಹೆದ್ದಾರಿಯನ್ನು ಬಿಟ್ಟು ಹಿಮದ ಬೆಟ್ಟಗಳನ್ನು ಬಳಸಿಕೊಂಡು ಅವಳಲ್ಲಿಗೆ ಹೋಗಿಬರಬೇಕೆಂಬುದು ಡಾಕ್ಟರರ ಯೋಜನೆ.

ಇಂದ್ರೇಶ್ ಕಾರನ್ನು ಲಿಫ್ಟಿನ ಮೇಲೇರಿಸಿ ನಾಲ್ಕು ದಿನ ಕೆಲಸ ಮಾಡಿದರು. ಮೊದಲು ಅಡಿಭಾಗವನ್ನೆಲ್ಲ ತೊಳೆದು, ಎರಡು ದಿನ ಫ್ಯಾನ್ ಹಾಕಿ ಒಣಗಿಸಿದರು. ತೇವದ ಮೇಲೆ ಏನನ್ನು ಬಳಿದರೂ ತುಕ್ಕನ್ನು ಒಳಗೆ ಕೂಡಿಹಾಕಿ ಬೀಗ ಜಡಿದಂತೆ ಎಂಬುದು ಅವರ ಸಿದ್ಧಾಂತ, ರಸಾಯನಶಾಸ್ತ್ರದ್ದೂ ಅದೇ. ಅಲ್ಲಲ್ಲಿ ಆಗಲೇ ಕೂತಿದ್ದ ತುಕ್ಕನ್ನು ತಂತಿಯ ಬ್ರಷ್ಷಿನಿಂದ ಉಜ್ಜಿ, ಹೊಳೆಯುವ ಲೋಹ ಕಾಣುವವರೆಗೂ ಕೆರೆದು, ಅಡಿಭಾಗಕ್ಕೆಲ್ಲ ಜಿಡ್ಡು ಬಳಿದರು. ಬ್ರಷ್ಷು ತಲುಪದ, ಬಣ್ಣ ಹತ್ತದ ಒಳಸಂದುಗಳಿಗೆಲ್ಲ ಉದ್ದನೆಯ ಕೊಳವೆಯಿಂದ ಜಿಡ್ಡನ್ನು ಹಾಯಿಸಿದರು. ಅದು ತಾನಾಗಿಯೇ ತೆವಳಿ ಮೂಲೆ ಸೇರುತ್ತದೆ.

ಕಾರನ್ನು ಒಯ್ಯಲು ಗಂಡ ಹೆಂಡತಿ ಇಬ್ಬರೂ ಬಂದಿದ್ದರು.

"ಡಾಕ್ಟ್ರೇ, ಹಿಮದಿಂದ ಇಳಿದ ದಿನಾನೇ ಕೆಳಗಡೆಗೆ ಬರೀ ನೀರು ಬಿಡಿ. ಅಲ್ಲಿ ರೋಡಿಗೆ ಉಪ್ಪು ಹಾಕಿರ್ತಾರೆ. ಉಪ್ಪು ತಿಂದ ಮೇಲೆ ನೀರು ಕುಡೀಲೇಬೇಕಲ್ಲ. ಆದ್ರೆ ಸೋಪು, ಡಿಗ್ರೀಸರ್ ಮಾತ್ರ ಸೋಕಿಸ್ಬೇಡಿ. ಒದ್ದೆ ಕಾರನ್ನ ಹೀಟರ್ ಇರೋ ಗರಾಜಲ್ಲಿ ನಿಲ್ಲಿಸ್ಲೂಬೇಡಿ."

"ಚಳೀಲಿ ಬೆಚ್ಚಗಿರ್ಲಿ ಅಂತ ತಾನೇ ಗರಾಜು ಇರೋದು?" ಡಾಕ್ಟರ್ ನಕ್ಕರು.

"ಕಾರಿಗೆ ನೆಗಡಿ ಆಗಲ್ಲ ಡಾಕ್ಟ್ರೇ. ಬೆಚ್ಚಗಿದ್ದಷ್ಟೂ ತುಕ್ಕಿಗೇ ಹಬ್ಬ."

ಅಷ್ಟರಲ್ಲಿ ಡಾಕ್ಟರರ ಹೆಂಡತಿ ಪದ್ಮಿನಿ ಮೂಗಿನ ಹತ್ತಿರ ಕೈ ತಂದರು. "ಏನಪ್ಪಾ ಇದು, ಒಂಥರಾ ವಾಸ್ನೆ?"

ಇಲ್ಲಿ ಇಂದ್ರೇಶ್ ಒಂದು ತಪ್ಪು ಮಾಡಿದರು. ಅದನ್ನು ತಪ್ಪೆಂದು ಕರೆಯಲು ನನಗೆ ಮನಸ್ಸಿಲ್ಲ. ಡಬ್ಬಿಯ ಮೇಲೆ ಆ ಪದಾರ್ಥಕ್ಕೆ ಇಂಗ್ಲಿಷಿನ ಹೆಸರೊಂದಿತ್ತು: ಲ್ಯಾನೊಲಿನ್. ಆ ಹೆಸರನ್ನು ಹೇಳಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಕನ್ನಡದಲ್ಲಿ ಕೇಳಿದವರಿಗೆ ಕನ್ನಡದಲ್ಲೇ, ಅದೂ ಹೆಮ್ಮೆಯಿಂದ, ಉತ್ತರ ಕೊಟ್ಟರು.

"ಕುರಿ ಉಣ್ಣೆ ಜಿಡ್ಡು ಆಂಟಿ."

"ಕುರೀದಾ? ಕುರಿ ಕೊಬ್ಬಾ?"

"ಕೊಬ್ಬಲ್ಲ ಆಂಟಿ, ಜಿಡ್ಡು. ಕುರಿ ಕಡಿಯೋದೇನಿಲ್ಲ. ಉಣ್ಣೆ ಕತ್ತರಿಸಿ ಬಿಸಿನೀರು ಸೋಪು ಹಾಕಿ ತೊಳೆದ್ರೆ ಬರ್ತೈತೆ. ನಮ್ಮಜ್ಜಿ ಕೈಯೆಲ್ಲ ಇದೇ ಇರ್ತಿತ್ತು. ನಮ್ಮನೇಲಿ ಇನ್ನೂರು ಕುರಿ ಇದ್ವು."

ಪದ್ಮಿನಿ ಒಂದು ಹೆಜ್ಜೆ ಹಿಂದೆ ಸರಿದು ಗಂಡನ ಕಡೆ ತಿರುಗಿದರು. "ರೀ, ಶುಕ್ರವಾರ ಗಾಡಿ ಪೂಜೆ ಇದೆಯಲ್ರೀ." ದನಿ ತಗ್ಗಿಸಿ ಹೇಳಿದ್ದರೂ ಎಲ್ಲರಿಗೂ ಕೇಳಿಸಿತು. ಡಾಕ್ಟರ್ "ಸರಿ ಸರಿ, ನಡಿ" ಎಂದು ಕಾರು ಹತ್ತಿದರು.

ಮರುದಿನ ಡಾಕ್ಟರ್ ಹೆಂಡತಿಯ ಜೊತೆ ಆ ಕಾರನ್ನು, ಬಂದವರೇ ಪೈಪು ಹಿಡಿದು ತೊಳೆದುಕೊಳ್ಳುವ ಒಂದು ಕಾರ್ ವಾಶಿಗೆ ಒಯ್ದು, ಬಿಸಿನೀರು, ನೊರೆ, ಎಂಜಿನ್ನಿನ ಎಣ್ಣೆ ತೆಗೆಯುವ ಡಿಗ್ರೀಸರ್ ಎಲ್ಲವನ್ನೂ ಅಡಿಭಾಗಕ್ಕೆ ರಭಸದಿಂದ ಹೊಡೆದು, ಕುರಿಯ ಗುರುತು ಉಳಿಯದಂತೆ ತೊಳೆದರು. ಉಣ್ಣೆಯಿಂದ ಜಿಡ್ಡನ್ನು ಬೇರ್ಪಡಿಸುವ ಕ್ರಮವೂ ಇದೇ. ಇಂದ್ರೇಶರೇ ಅದನ್ನು ವಿವರಿಸಿ ಹೇಳಿದ್ದರು. ಕಾರಿನ ಅಡಿಯಲ್ಲಿ ಈಗ ಉಳಿದದ್ದು ಕೆರೆದು ಹೊಳಪಿಸಿದ ಬೆತ್ತಲೆ ಕಬ್ಬಿಣ. ಶುಕ್ರವಾರ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ಚಕ್ರದ ಕೆಳಗೆ ನಿಂಬೆಹಣ್ಣಿಟ್ಟು ಪೂಜೆ ಮಾಡಿಸಿದರು. ಪೂಜೆಯ ಬಗ್ಗೆ ನನ್ನ ತಕರಾರಿಲ್ಲ. ಅದು ಅವರವರ ಮನಸ್ಸಿನ ಸಮಾಧಾನ. ನನ್ನ ತಕರಾರು ತೊಳೆದದ್ದನ್ನು ಮುಚ್ಚಿಟ್ಟದ್ದರ ಬಗ್ಗೆ. ಇಂದ್ರೇಶರಿಗೆ ಒಂದು ಫೋನ್ ಮಾಡಿ "ನಮಗಿದು ಒಗ್ಗುವುದಿಲ್ಲ, ಬೇರೆ ಏನಾದರೂ ಹಚ್ಚಿ" ಎಂದಿದ್ದರೆ ಸಾಕಿತ್ತು. ಪೆಟ್ರೋಲಿಯಂ ಮೇಣವೂ ಅವರ ಕಪಾಟಿನಲ್ಲಿತ್ತು.

ಇಲ್ಲಿನ ಚಳಿಗಾಲವಾದ ಜುಲೈ, ಆಗಸ್ಟಿನಲ್ಲಿ ಕಾರು ಎರಡು ಸಲ ಹಿಮದ ಬೆಟ್ಟ ಹತ್ತಿ ಮೆಲ್ಬರ್ನಿಗೆ ಹೋಗಿ ಬಂತು. ಕಬ್ಬಿಣಕ್ಕೆ ತುಕ್ಕು ಹಿಡಿಯಲು ಗಾಳಿ ಮತ್ತು ನೀರು ಸಾಕು. ಉಪ್ಪು ಆ ಹೆರಿಗೆಯನ್ನು ಬೇಗ ಮಾಡಿಸುವ ಸೂಲಗಿತ್ತಿ. ತಾನು ಖರ್ಚಾಗದೆ, ನೀರಿನಲ್ಲಿ ಕರಗಿ, ವಿದ್ಯುತ್ಕಣಗಳ ಓಡಾಟಕ್ಕೆ ದಾರಿ ಸುಗಮ ಮಾಡಿಕೊಡುತ್ತದೆ. ಡಾಕ್ಟರ್ ಬೆಟ್ಟದಿಂದ ಇಳಿದ ಮೇಲೆ ಕೆಳಗಡೆಗೆ ನೀರು ಬಿಡಲಿಲ್ಲ. ಮನೆಗೆ ಬಂದ ಮೇಲೆ ಹೀಟರ್ ಇರುವ ಗರಾಜಿನಲ್ಲಿ ನಿಲ್ಲಿಸಿದರು. ಸೆಪ್ಟೆಂಬರಿನಲ್ಲಿ, ನೋಂದಣಿಗೆ ಮೊದಲು ಮಾಡಿಸಬೇಕಾದ ಪಿಂಕ್ ಸ್ಲಿಪ್ ತಪಾಸಣೆಯವನು ಅಡಿಯಲ್ಲಿ ಟಾರ್ಚ್ ಬಿಟ್ಟು, ಬಾಗಿಲ ಕೆಳಗಿನ ಪಟ್ಟಿಗೆ, ಚಕ್ರದ ತೋಳುಗಳಿಗೆ ತುಕ್ಕು ಹಿಡಿದಿರುವುದನ್ನು ತೋರಿಸಿದ.

ಅದೇ ದಿನ ಸಂಜೆ, ಸಿಡ್ನಿಯ ಕನ್ನಡಿಗರ ವಾಟ್ಸಾಪ್ ಗುಂಪಿನಲ್ಲಿ ಡಾಕ್ಟರ್ ಬರೆದರು: "ಮಾರ್ಸ್ಡನ್ ಪಾರ್ಕಿನ ಇಂದ್ರೇಶ್ ಬಳಿ ಯಾರೂ ರಸ್ಟ್ ಪ್ರೂಫಿಂಗ್ ಮಾಡಿಸಬೇಡಿ. ಏನೋ ಪ್ರಾಣಿಯ ಕೊಬ್ಬು ಬಳಿದು ಕಳಿಸುತ್ತಾನೆ. ಒಂದೇ ಚಳಿಗಾಲಕ್ಕೆ ನನ್ನ ಕಾರಿಗೆ ತುಕ್ಕು ಹಿಡಿದಿದೆ. ನಮ್ಮವರು ಎಂದು ನಂಬಿ ಮೋಸ ಹೋದೆ."

ಕೊಬ್ಬು ಎಂಬ ಪದವನ್ನು ಅವರು ತಿಳಿದೇ ಇಟ್ಟರು. ತುಕ್ಕಿಗಿಂತ ಅದೇ ಹೆಚ್ಚು ಕೆಲಸ ಮಾಡಿತು. ನಲವತ್ತಕ್ಕೂ ಹೆಚ್ಚು ಹೆಬ್ಬೆರಳುಗಳು ಮೇಲೆದ್ದವು. "ಛೇ, ಹೇಳಿದ್ದಕ್ಕೆ ಥ್ಯಾಂಕ್ಸ್ ಡಾಕ್ಟರ್" ಎಂದು ಒಬ್ಬರು. "ನಾವೂ ಹಚ್ಚಿಸಿಬಿಟ್ಟಿದ್ದೇವೆ, ಈಗ ತೆಗೆಯೋದು ಹೇಗೆ?" ಎಂದು ಇನ್ನೊಬ್ಬರು. ಅವರಿಗೆ ಮೂರನೆಯವರು ಒಳ್ಳೆಯ ಡಿಗ್ರೀಸರಿನ ಹೆಸರು ಸೂಚಿಸಿದರು. ಒಂದು ಸುಳ್ಳು ಹೀಗೆ, ಸಜ್ಜನರ ಕೈಯಿಂದಲೇ, ತನಗೆ ಬೇಕಾದ ಸಾಕ್ಷಿಗಳನ್ನು ತಾನೇ ಸೃಷ್ಟಿಸಿಕೊಳ್ಳತೊಡಗಿತು.

ಆ ಗುಂಪಿನಲ್ಲಿ ಇರುವವರು ಯಾರು? ಅಂಕಿಸಂಖ್ಯೆಯನ್ನೇ ಅನ್ನ ಮಾಡಿಕೊಂಡವರು, ಹೊಸ ಔಷಧ ನಿಜಕ್ಕೂ ಕೆಲಸ ಮಾಡುತ್ತದೆಯೇ ಎಂದು ಸಾವಿರಾರು ರೋಗಿಗಳ ಮೇಲೆ ಪರೀಕ್ಷೆ ನಡೆಸುವವರು, ಪಿಎಚ್.ಡಿ. ಪಡೆದವರು. ಕಚೇರಿಯಲ್ಲಿ ಒಂದೇ ಒಂದು ಉದಾಹರಣೆಯ ಮೇಲೆ ಯಾರಾದರೂ ತೀರ್ಮಾನ ಮಾಡಿದರೆ ನಗುವವರು. ಇವರಲ್ಲಿ ಒಬ್ಬರಾದರೂ "ಆತ ಕೆಲಸ ಮಾಡಿದ ಉಳಿದ ಕಾರುಗಳ ಗತಿ ಏನಾಗಿದೆ?" ಎಂದು ಕೇಳಲಿಲ್ಲ. ಬರೆದವರು ಡಾಕ್ಟರ್, ಬಗ್ಗಿ ಕೆಲಸ ಮಾಡುವವನು ಕುರಿಯ ಮನೆಯವನು. ಪರೀಕ್ಷೆ ಅಲ್ಲಿಗೇ ಮುಗಿದಿತ್ತು. ನನ್ನ ಕಾರಿಗೂ ಅವರೇ ಜಿಡ್ಡು ಹಚ್ಚಿದ್ದು, ಮೂರು ವರ್ಷಗಳಿಂದ ಒಂದು ಚುಕ್ಕೆ ತುಕ್ಕಿಲ್ಲ. ಅಷ್ಟನ್ನಾದರೂ ನಾನು ಬರೆಯಬಹುದಿತ್ತು. ಬರೆಯದೆ ಎರಡು ದಿನ ಸುಮ್ಮನಿದ್ದೆ.

ಆ ವಾರ ಬರಬೇಕಾಗಿದ್ದ ಆರು ಕಾರುಗಳಲ್ಲಿ ಆರೂ ಬರಲಿಲ್ಲ. ಇಂದ್ರೇಶ್ ಡಾಕ್ಟರಿಗೆ ಫೋನ್ ಮಾಡಿ ಹೇಳಿದ್ದು ಒಂದೇ ಮಾತು: "ಕಾರು ತಂದು ತೋರಿಸಿ ಡಾಕ್ಟ್ರೇ." ಪುಕ್ಕಟೆಯಾಗಿ ಮತ್ತೊಮ್ಮೆ ಮಾಡಿಕೊಡುತ್ತಾನೆಂದು ಭಾವಿಸಿದ ಡಾಕ್ಟರ್ ಶನಿವಾರ ಬೆಳಿಗ್ಗೆ ಬಂದರು. ರಜೆಗೆ ಮೆಲ್ಬರ್ನಿನಿಂದ ಬಂದಿದ್ದ ಹಂಸಾ ಪಕ್ಕದ ಸೀಟಿನಲ್ಲಿದ್ದಳು. ಏನಾದರೂ ಸಮಾಧಾನದ ಮಾತಾಡೋಣವೆಂದು ಹೋಗಿದ್ದ ನಾನು ಶೆಡ್ಡಿನ ಪ್ಲಾಸ್ಟಿಕ್ ಕುರ್ಚಿಯಲ್ಲಿದ್ದೆ.

ಕಾರು ಮೇಲೇರಿತು. ಇಂದ್ರೇಶ್ ಟಾರ್ಚ್ ಹಿಡಿದು ಅಡಿಯಲ್ಲಿ ಮೆಲ್ಲಗೆ ನಡೆದರು. ಪಟ್ಟಿಯ ತೂತಿಗೆ ಬೆರಳಿಟ್ಟು ತೆಗೆದರು. ಬೆರಳಿಗೆ ಕಂದು ಪುಡಿ ಹತ್ತಿತ್ತು. ಜಿಡ್ಡಿನ ಸುಳಿವೂ ಇರಲಿಲ್ಲ. ಆಮೇಲೆ ಪೆಟ್ರೋಲ್ ಟ್ಯಾಂಕನ್ನು ಹಿಡಿದ ಪಟ್ಟಿಯ ಹಿಂದಕ್ಕೆ, ನೀರಿನ ರಭಸ ತಲುಪದ ಒಂದು ಸಂದಿಗೆ, ಎರಡು ಬೆರಳು ತೂರಿಸಿದರು. ಹೊರಬಂದ ಬೆರಳುಗಳು ಹಳದಿ ಮೇಣದಂತೆ ಮಿರುಗುತ್ತಿದ್ದವು. ಆ ಜಾಗವನ್ನು ಬಟ್ಟೆಯಿಂದ ಒರೆಸಿ ಟಾರ್ಚ್ ಬಿಟ್ಟರು. ಕೆಳಗಿನ ಲೋಹ ಹೊಸ ಪಾತ್ರೆಯಂತಿತ್ತು.

"ನೋಡಿ ಡಾಕ್ಟ್ರೇ. ಜಿಡ್ಡು ಇರೋ ಕಡೆ ತುಕ್ಕಿಲ್ಲ. ತುಕ್ಕಿರೋ ಕಡೆ ಜಿಡ್ಡಿಲ್ಲ. ಇದನ್ನ ಯಾರೋ ತೊಳೆದವ್ರೆ."

"ಯಾರಯ್ಯ ತೊಳೀತಾರೆ? ನೀನೇ ಅರ್ಧಂಬರ್ಧ ಹಚ್ಚಿರ್ತೀಯ."

"ಬೇರೆ ಕಡೆ ಹಚ್ಚೋದು ಬಿಟ್ಟು ಕೈ ಹೋಗದೇ ಇರೋ ಸಂದೀಲಿ ಮಾತ್ರ ಹಚ್ತೀನಾ ಡಾಕ್ಟ್ರೇ?"

ಹಂಸಾ ಫೋನಿನಿಂದ ತಲೆಯೆತ್ತಿದಳು. "ಅಪ್ಪಾ, ಯು ವಾಶ್ಡ್ ಇಟ್. ಅಮ್ಮ ನಂಗೆ ವಿಡಿಯೋ ಕಾಲಲ್ಲಿ ತೋರ್ಸಿದ್ಳಲ್ಲ, ಆ ಫೋಮ್ ಎಲ್ಲಾ. ಶೀಪ್ ಫ್ಯಾಟ್ ಅಂತ ಇಬ್ರೂ ಫ್ರೀಕ್ ಔಟ್ ಆಗಿದ್ರಿ."

"ಹಂಸಾ, ನೀನು ಸುಮ್ನಿರು."

ಅವಳು ಸುಮ್ಮನಿರದೆ ಬೆಂಚಿನ ಮೇಲಿದ್ದ ಡಬ್ಬಿಯನ್ನು ತಿರುಗಿಸಿ ಓದಿದಳು. "ಲ್ಯಾನೊಲಿನ್? ಸೀರಿಯಸ್ಲಿ? ಅಪ್ಪಾ, ಹೊಸ ಮದರ್ಸ್‌ಗೆಲ್ಲ ನೀನು ಹೇಳೋ ಕ್ರೀಮ್ ಇದೇ ಅಲ್ವಾ?"

ಇದೇ. ಹಾಲೂಡಿಸುವ ತಾಯಂದಿರ ಒಡೆದ ಮೊಲೆತೊಟ್ಟಿಗೆ ಹಚ್ಚಿಕೊಳ್ಳಲು ಹೇಳುವ, ಮಗು ಬಾಯಿಟ್ಟರೂ ಅಪಾಯವಿಲ್ಲವೆಂದು ಒರೆಸುವ ಅಗತ್ಯವೂ ಇಲ್ಲದ ಮುಲಾಮು, ಈ ಜಿಡ್ಡಿನ ಶುದ್ಧೀಕರಿಸಿದ ರೂಪ. ಮಾರುಕಟ್ಟೆಯ ಎಷ್ಟೋ ಲಿಪ್‌ಸ್ಟಿಕ್ಕುಗಳಲ್ಲೂ ಅದಿದೆ. ಹುಟ್ಟಿದ ಕೂಸಿನ ಬಾಯಿಗೆ ಸಲ್ಲುವ ವಸ್ತು, ಇಂಗ್ಲಿಷ್ ಹೆಸರನ್ನು ಕಳಚಿ ಕನ್ನಡದ ಹೆಸರಿನಲ್ಲಿ ಬಂದರೆ, ಅದೂ ಅದನ್ನು ಅಜ್ಜಿಯ ಕೈಯಿಂದ ಬಲ್ಲವನ ಬಾಯಿಂದ ಬಂದರೆ, ಕಾರಿನ ಚಕ್ರದ ಪಕ್ಕಕ್ಕೂ ಮೈಲಿಗೆ. ಡಾಕ್ಟರರು ಒಂದು ಕ್ಷಣ ಪೆಚ್ಚಾದರೆಂದು ನನಗನಿಸಿತು. ಅಷ್ಟೇ ಬೇಗ ಚೇತರಿಸಿಕೊಂಡರು.

"ಹೋಗ್ಲಿ ಬಿಡಪ್ಪ, ಆಗಿದ್ದಾಯ್ತು. ಆ ಮೆಸೇಜ್ ಡಿಲೀಟ್ ಮಾಡ್ತೀನಿ. ನೀನು ಇದನ್ನ ಸರಿ ಮಾಡ್ಕೊಡು."

"ಡಿಲೀಟ್ ಬ್ಯಾಡ ಡಾಕ್ಟ್ರೇ. ಅಲ್ಲಿ ಅಳಿಸಿದ್ರೆ ಓದಿದವ್ರ ತಲೇಲಿ ಅಳಿಯುತ್ತಾ? ಅದರ ಕೆಳಗೇ ಬರೀರಿ, ಹಚ್ಚಿದ್ದನ್ನ ನಾವೇ ತೊಳೆದ್ವಿ ಅಂತ."

"ಆ ಗ್ರೂಪಲ್ಲಿ ನನ್ನ ಪೇಶಂಟ್ಸ್ ಇದ್ದಾರೆ ಕಣೋ."

"ನನ್ನ ಗಿರಾಕಿಗಳೂ ಅಲ್ಲೇ ಅವ್ರೆ. ಆಸ್ಪತ್ರೇಲಿ ನಿಮ್ಮ ಮಾತು ಮೀರಿ ಮನೆಗೆ ಹೋಗೋರ ಹತ್ರ ಸೈನ್ ಹಾಕಿಸ್ಕೊಳ್ತೀರಲ್ಲ? ಇದೂ ಹಂಗೇ ಅನ್ಕೊಳ್ಳಿ."

ಡಾಕ್ಟರರ ಮುಖ ಕೆಂಪೇರಿತು. "ನಿಂಗೆ ಬಹಳ ಕೊಬ್ಬು ಕಣಯ್ಯ."

ಇಂದ್ರೇಶ್ ಗೋಡೆಯ ಗುಂಡಿಯನ್ನು ಒತ್ತಿದರು. ಕೆಂಪು ಕಾರು ನಿಧಾನವಾಗಿ ನೆಲಕ್ಕಿಳಿಯಿತು. ಅದರ ಚಕ್ರಗಳು ಪೂರ್ತಿ ನೆಲ ಮುಟ್ಟಿದ ಮೇಲೆ ಹೇಳಿದರು: "ನೀವು ಬರೆಯೋ ತಂಕ ಈ ಗಾಡೀನ ನಾನು ಮುಟ್ಟಲ್ಲ."

ಮುಟ್ಟುವುದಿಲ್ಲ ಎಂಬ ಮಾತನ್ನು ಆ ಮನೆತನದವರು ಎಷ್ಟು ತಲೆಮಾರು ಕೇಳಿಸಿಕೊಂಡಿದ್ದಾರೋ ಗೊತ್ತಿಲ್ಲ. ಡಾಕ್ಟರರಿಗಂತೂ ಅದನ್ನು ಕೇಳಿಸಿಕೊಳ್ಳುವುದು ಹೊಸ ಅನುಭವವಾಗಿತ್ತು. ಕಾರು ರೊಯ್ಯನೆ ಹೊರಟುಹೋಯಿತು. ಸ್ವಲ್ಪ ಹೊತ್ತಿಗೆ ಗುಂಪಿನಲ್ಲಿ ಡಾಕ್ಟರರ ಮಾತಿದ್ದ ಜಾಗದಲ್ಲಿ "ಈ ಸಂದೇಶವನ್ನು ಅಳಿಸಲಾಗಿದೆ" ಎಂಬ ಸಾಲಷ್ಟೇ ಉಳಿಯಿತು. ನಾನು ಕಂಡದ್ದನ್ನೆಲ್ಲ ಅದರ ಕೆಳಗೆ ಬರೆದೆ. "ಮುಗಿದ ವಿಷಯ ಕೆದಕುವುದು ಬೇಡ, ಗುಂಪಿನ ಸೌಹಾರ್ದ ಮುಖ್ಯ" ಎಂದು ಹಿರಿಯರೊಬ್ಬರು ಬುದ್ಧಿ ಹೇಳಿದರು. ಅವರ ಆ ಬುದ್ಧಿಮಾತಿಗೆ ಹದಿನೇಳು ಜನ ಕೈಮುಗಿದಿದ್ದರು. ಕಳ್ಳತನವಾದಾಗ ಸುಮ್ಮನಿದ್ದು, ಕಳ್ಳನನ್ನು ತೋರಿಸಿದಾಗ ಶಾಂತಿಪಾಠ ಮಾಡುವ ಈ ಸೌಹಾರ್ದವನ್ನು ನಾನು ಎಂದೂ ಕ್ಷಮಿಸಲಾರೆ.

ಮುಂದಿನ ಬುಧವಾರ ಪದ್ಮಿನಿ ಒಬ್ಬರೇ ಶೆಡ್ಡಿಗೆ ಬಂದರು. ಆಮೇಲಿನದನ್ನು ನನಗೆ ಹೇಳಿದವರು ಆ ದಿನ ಶೆಡ್ಡಿನಲ್ಲಿದ್ದ ಪ್ರಾರ್ಥನಾ.

"ತೊಳೆಸಿದ್ದು ನಾನಪ್ಪ. ಅವ್ರದ್ದೇನೂ ಇಲ್ಲ. ಅವ್ರ ಕೈಲಿ ಯಾಕೆ ಬರೆಸ್ತೀಯ?"

"ಹಂಗಾದ್ರೆ ನೀವೇ ಬರೀರಿ ಆಂಟಿ."

ಪ್ರಾರ್ಥನಾ ಕುರ್ಚಿ ಮುಂದಕ್ಕೆ ಹಾಕಿದರು. ಪದ್ಮಿನಿ ಕೂತು, ಕನ್ನಡಕ ಹಾಕಿಕೊಂಡು, ಒಂದೊಂದೇ ಅಕ್ಷರ ಒತ್ತುತ್ತ ಬರೆದರು: "ಇಂದ್ರೇಶ್ ಅವರ ಕೆಲಸದಲ್ಲಿ ತಪ್ಪಿರಲಿಲ್ಲ. ಅವರು ಹಚ್ಚಿದ್ದನ್ನು ನಾವೇ ತೊಳೆದೆವು. ನನ್ನ ಒತ್ತಾಯದಿಂದ. ಪದ್ಮಿನಿ." ಕಳಿಸುವ ಮೊದಲು ಫೋನನ್ನು ಇಂದ್ರೇಶರ ಕಡೆ ಚಾಚಿದರು.

"'ಅವರು' ಅಂತ ಹಾಕಿದೀರಲ್ಲ, ಸಾಕು," ಎಂದರಂತೆ ಇಂದ್ರೇಶ್.

ಕಳಿಸಿದ ಮೇಲೆ ಇಬ್ಬರೂ ಫೋನನ್ನೇ ನೋಡುತ್ತಿದ್ದರು. ಐದು ನಿಮಿಷ, ಹತ್ತು ನಿಮಿಷ. ಮೂರು ಹೆಬ್ಬೆರಳು ಬಂದವು. ಅವುಗಳಲ್ಲಿ ಒಂದು ನನ್ನದು. ನಾಲ್ಕನೆಯದು ಬರಲಿಲ್ಲ. ಯಾರೋ ಅದರ ಕೆಳಗೆ ದಸರಾ ಗೊಂಬೆ ಸ್ಪರ್ಧೆಯ ಪ್ರಕಟಣೆ ಹಾಕಿದರು.

"ಅವತ್ತು ಅಷ್ಟೊಂದು ಜನ ಇದ್ರಲ್ಲ," ಎಂದರು ಪದ್ಮಿನಿ, ಪರದೆಯನ್ನು ಮತ್ತೊಮ್ಮೆ ಉಜ್ಜಿ. ದನಿಯಲ್ಲಿ ನಿಜವಾದ ಅಚ್ಚರಿಯಿತ್ತಂತೆ. ಆಮೇಲೆ ಫೋನನ್ನು ಬ್ಯಾಗಿಗೆ ಹಾಕಿಕೊಂಡು ಎದ್ದರು. "ಸರಿ, ಕಾರು ಯಾವಾಗ ತರ್ಲಿ? ಅದೇ ಹಚ್ಚು, ಪರ್ವಾಗಿಲ್ಲ. ನಿಂಗೆ ಬಿಡುವು ಯಾವಾಗಿದೆ?"

ಇಂದ್ರೇಶ್ ಗೋಡೆಯ ಮೇಲಿನ ಕ್ಯಾಲೆಂಡರಿನ ಕಡೆ ಕೈ ತೋರಿಸಿದರು. ಆ ವಾರದ ಚೌಕಗಳಲ್ಲಿ ಬರೆದ ಹೆಸರುಗಳೆಲ್ಲ ಅಡ್ಡಗೀಟು ಎಳೆಸಿಕೊಂಡಿದ್ದವು.

"ಪೂರ್ತಿ ಬಿಡುವೇ ಐತೆ ಆಂಟಿ," ಎಂದರು. "ನಾಳೆನೇ ತನ್ನಿ."